ಪಾಯಿಂಟರ್ ಅಂದ್ರೆ ಏನು?

ಸಿ ಎಂಬುದು ಒಂದು ಕಂಪ್ಯೂಟರ್ ಭಾಷೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಎಂಬುವರು 1972ರ ಹೊತ್ತಿಗೆ ಇದನ್ನು ರೂಪಿಸಿದರು. ನಮ್ಮ ದೇಶಕ್ಕೆ ಪಿನ್ ಕೋಡ್ ಬಂದದ್ದೂ ಅದೇ ವರ್ಷ, ಆಗಸ್ಟ್ 15ರಂದು. ಮೂಡಿಗೆರೆಯ ಪಿನ್ 577132. ಆ ನಂಬರೇ ಮೂಡಿಗೆರೆ ಅಲ್ಲ, ಮೂಡಿಗೆರೆಗೆ ಕಾಗದ ಮುಟ್ಟಿಸುವ ಗುರುತು. ಪಾಯಿಂಟರ್ ಕೂಡ ಹೀಗೇ. ಡಿಪ್ಲೊಮಾ ಓದುವ ನಮ್ಮಣ್ಣನ ಕ್ಲಾಸಿನಲ್ಲಿ ಎಲ್ಲರೂ ಹೆದರುವ ಪಾಠ ಇದಂತೆ. ಕಾಫಿ ಕುಯ್ಯುವವರ ಮನೆಯ ಮಕ್ಕಳಿಗೆ ಮಾತ್ರ ಸುಲಭ ಅಂತ ನನಗನಿಸುತ್ತದೆ.

ಕಂಪ್ಯೂಟರಿನ ಮೆಮೊರಿ ಅಂದರೆ ಸಾಲಾಗಿ ನಂಬರು ಹಾಕಿದ ಮನೆಗಳು. ಒಂದು ಮನೆಗೆ ಹೆಸರು ಕೊಟ್ಟು ಒಳಗೆ ಒಂದು ಬೆಲೆ ಇಟ್ಟರೆ ಅದೇ ವೇರಿಯಬಲ್.

ಈಗ ತೋಟದ ರೈಟರ ಪುಸ್ತಕ ನೋಡಿ. ಅಮ್ಮನ ಹೆಸರಿನ ಮುಂದೆ 40 ಕಿಲೋ ಅಂತ ಇದೆ. ಸಂಜೆ ಇನ್ನೊಂದು ಚೀಲ ತೂಗಿದರು, 12 ಕಿಲೋ. ಅಮ್ಮನ ಕೈಲಿರುವ ಚೀಟಿಯಲ್ಲಿ ಮಾತ್ರ 52 ಅಂತ ತಿದ್ದಿದರೆ ಏನಾಯ್ತು? ದುಡ್ಡು ಕೊಡುವುದು ಪುಸ್ತಕ ನೋಡಿ. 12 ಕಿಲೋ ಕುಯ್ದದ್ದು ದಂಡ!

ಫಂಕ್ಷನ್ ಅಂದರೆ ಒಂದು ಕೆಲಸ ಮಾಡಿಕೊಡುವ ತುಂಡು ಪ್ರೋಗ್ರಾಂ. ಅದಕ್ಕೆ ಬರೀ ಕಿಲೋ ಅಂತ ಕೊಟ್ಟರೆ ಸಿಗುವುದು ಚೀಟಿ, ಅಂದರೆ ನಕಲು. ಒಳಗೆ ಎಷ್ಟೇ ಕೂಡಿಸಲಿ, ಹೊರಗೆ 40 ಹಾಗೇ ಇರ್ತದೆ. ಅದಕ್ಕೇ &ಕಿಲೋ ಅಂತ ಕೊಡಬೇಕು. (ನಿಜವಾದ ಪ್ರೋಗ್ರಾಮಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ.) & ಎಂದರೆ ಇದರ ವಿಳಾಸ. ಪುಸ್ತಕದ ಇಷ್ಟನೇ ಪುಟ, ಇಷ್ಟನೇ ಸಾಲು ಅಂದ ಹಾಗೆ. ಆ ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್ಲೇ ಪಾಯಿಂಟರ್. ಅದಕ್ಕೆ ಪಾ ಎಂದು ಹೆಸರಿಡೋಣ. *ಪಾ ಎಂದರೆ, ಆ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನೇ ಹಿಡಿ.

*ಪಾ = *ಪಾ + 12;

ಈಗ ಪುಸ್ತಕದಲ್ಲೇ 52 ಆಯ್ತು.

ನಕ್ಷತ್ರ ಬಿಟ್ಟು ಪಾ = ಪಾ + 12; ಅಂತ ಬರೆದರೆ ಕಿಲೋ ಕೂಡುವುದಿಲ್ಲ. ಬೆರಳು 12 ಸಾಲು ಕೆಳಗೆ ಜಾರ್ತದೆ! ಆಮೇಲೆ ಅಲ್ಲಿ ತಿದ್ದಿದರೆ ಬೇರೆ ಯಾರದ್ದೋ ಲೆಕ್ಕ ಕೆಡಬಹುದು, ಇಲ್ಲವೇ ಪ್ರೋಗ್ರಾಂ ಅಲ್ಲೇ ನಿಂತುಹೋಗಬಹುದು. ಇದು ನಿನ್ನ ಸಾಲಲ್ಲ ಅಂತ ಸಿ ಭಾಷೆ ತಡೆಯುವುದಿಲ್ಲ.

ಅಣ್ಣನ ಪುಸ್ತಕದಲ್ಲಿ ಒಂದು ಪ್ರಶ್ನೆ ಇತ್ತು. ಸ್ಕ್ಯಾನ್‌ಎಫ್‌ನಲ್ಲಿ ಕಿಲೋ ಹಿಂದೆ & ಬೇಕು, ಪ್ರಿಂಟ್‌ಎಫ್‌ನಲ್ಲಿ ಬೇಡ, ಯಾಕೆ? ಪ್ರಿಂಟ್‌ಎಫ್ ಬರೀ ಓದಿ ತೋರಿಸ್ತದೆ, ಅದಕ್ಕೆ ಚೀಟಿ ಸಾಕು. ಸ್ಕ್ಯಾನ್‌ಎಫ್ ನಾವು ಒತ್ತಿದ ಅಂಕಿಯನ್ನು ಪುಸ್ತಕದೊಳಗೇ ಬರೆಯಬೇಕಲ್ಲ, ಅದಕ್ಕೆ ಸಾಲು ಎಲ್ಲಿದೆ ಅಂತ ಗೊತ್ತಿರಲೇಬೇಕು.