ಲಾಳಿ ಕಲಿಸುವ ಇಂಗ್ಲಿಷ್

ಮಗ್ಗದ ಲಾಳಿಗೂ ಬಾಹ್ಯಾಕಾಶಕ್ಕೆ ಹಾರಿದ ಸ್ಪೇಸ್ ಶಟಲ್‌ಗೂ ಏನು ನಂಟು?

ಉತ್ತರ ಬೇಕಾದರೆ ಸಾಸಲಿನ ಕಡೆ ಬನ್ನಿ, ಅದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ.
ದೊಡ್ಡಬಳ್ಳಾಪುರ ಅಂದರೆ ನೇಕಾರರ ಊರು, ಮಗ್ಗದ ಸದ್ದು.

ಮಗ್ಗದೊಳಗೆ ಇಣುಕಿ ನೋಡಿ.
ಎರಡೂ ತುದಿ ಚೂಪಾದ ಪುಟ್ಟ ಮರದ ತುಂಡು.
ಹೊಟ್ಟೆಯಲ್ಲಿ ನೂಲಿನ ಕಂಡಿಕೆ.
ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ, ಇತ್ತಿಂದತ್ತ ಒಂದೇ ಓಟ.
ಅದೇ ಲಾಳಿ. ಇಂಗ್ಲಿಷಿನಲ್ಲಿ, ಶಟಲ್.

ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ಪದಕ್ಕೆ ಬಾಣ, ಈಟಿ ಎಂಬ ಅರ್ಥವಿತ್ತು.
‘ಶೂಟ್’ ಇದರ ಹತ್ತಿರದ ನೆಂಟ.

ಅತ್ತಿಂದಿತ್ತ ಓಡಾಟ. ಇದೊಂದು ಗಂಟು ಬಿಚ್ಚಿದರೆ ಉಳಿದದ್ದು ಸಲೀಸು.
ಎರಡು ಜಾಗದ ನಡುವೆ ಹೋಗಿ ಬರುವ ಬಸ್ಸು, ಶಟಲ್ ಬಸ್.
ನೆಟ್‌ನ ಆಚೀಚೆ ಹಾರುವ ಪುಕ್ಕದ ಚೆಂಡು, ಶಟಲ್‌ಕಾಕ್.
1981ರಲ್ಲಿ ಮೊದಲ ಸಲ ಹಾರಿ, ಮರಳಿ ನೆಲಕ್ಕಿಳಿದ ಕೊಲಂಬಿಯಾ, ಸ್ಪೇಸ್ ಶಟಲ್.

ಪದಪಟ್ಟಿ ಉರುಹೊಡೆಯುವ ಮಕ್ಕಳನ್ನು ದಯವಿಟ್ಟು ಒಮ್ಮೆ ಮಗ್ಗದ ಮುಂದೆ ನಿಲ್ಲಿಸಿ.
ಆಮೇಲೆ ಈ ವಾಕ್ಯ ಹೇಳಿಸಿ.

‘ಶಿ ಶಟಲ್ಸ್ ಬಿಟ್ವೀನ್ ಸಾಸಲು ಅಂಡ್ ದೊಡ್ಡಬಳ್ಳಾಪುರ.’
ಅವಳು ಸಾಸಲಿಗೂ ದೊಡ್ಡಬಳ್ಳಾಪುರಕ್ಕೂ ಲಾಳಿಯಂತೆ ಓಡಾಡುತ್ತಾಳೆ.

ಈಗ ನಿಮ್ಮೂರಿನ ಹೆಸರು ಹಾಕಿ, ಜೋರಾಗಿ ಹೇಳಿ.