ವರದಿ ಬರೆಯುವಾಗ ಯಾರಿಗೆ ಯಾವ ಗೌರವಪದ?

ಪಂಚಕಲ್ಯಾಣ, ಚಾತುರ್ಮಾಸ, ಪುಣ್ಯಸ್ಮರಣೆ ಎಂದು ಊರೂರುಗಳಿಂದ ಬರುವ ವರದಿಗಳಲ್ಲಿ ಮೊದಲ ನಾಲ್ಕು ಸಾಲು ಬಿರುದುಗಳಿಗೇ ಮುಗಿದುಹೋಗುತ್ತದೆ. ಕಾರ್ಯಕ್ರಮ ಯಾವ ಬಸದಿಯಲ್ಲಿ, ಬಂದವರು ಮುನಿಗಳೋ ಕ್ಷುಲ್ಲಕರೋ ಎಂಬುದೇ ಓದುವವರಿಗೆ ತಿಳಿಯುವುದಿಲ್ಲ.

ದಿಗಂಬರ ಸಂಪ್ರದಾಯದಲ್ಲಿ ಇದಕ್ಕೊಂದು ಕ್ರಮವಿದೆ. ತೀರ್ಥಂಕರರಿಗೆ ಶ್ರೀ 1008. ಆಚಾರ್ಯ, ಉಪಾಧ್ಯಾಯ, ಮುನಿಗಳಿಗೆ 108. ಆರ್ಯಿಕಾ ಮಾತಾಜಿ, ಐಲಕ, ಕ್ಷುಲ್ಲಕರಿಗೆ 105. ಕ್ಷುಲ್ಲಕರಿಗೆ ಭಕ್ತಿಯಿಂದ 108 ಎಂದು ಬರೆದರೆ ಗೌರವ ಹೆಚ್ಚುವುದಿಲ್ಲ, ಅವರು ಇನ್ನೂ ಪಡೆಯದ ದೀಕ್ಷೆಯನ್ನು ನಾವೇ ಕೊಟ್ಟಂತಾಗುತ್ತದೆ. ಈ ಪೂರ್ಣ ಗೌರವಪದ ಮೊದಲ ಸಲ ಬಂದರೆ ಸಾಕು. ಮುಂದೆ ಮುನಿಶ್ರೀ, ಮಾತಾಜಿ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ದಿನಪತ್ರಿಕೆಗಳಲ್ಲಿ ಎಷ್ಟೋ ಸಲ ಮುನಿಗಳನ್ನೂ ಭಟ್ಟಾರಕರನ್ನೂ 'ಜೈನ ಸ್ವಾಮೀಜಿ' ಎಂದೇ ಬರೆಯುತ್ತಾರೆ. ಭಟ್ಟಾರಕರು ಮಠದ ಪೀಠಾಧಿಪತಿಗಳು, ವಸ್ತ್ರಧಾರಿಗಳು. ಅವರಿಗೆ ಸ್ವಸ್ತಿಶ್ರೀ, ಸ್ವಾಮೀಜಿ ಸರಿ. ನಿರ್ಗ್ರಂಥ ಮುನಿಗಳಿಗೆ ಮಹಾರಾಜರು ಎನ್ನಬೇಕು. ಶ್ವೇತಾಂಬರ ಬಾಂಧವರಲ್ಲಿ ಮಹಾರಾಜ ಸಾಹೇಬ, ಸಾಧ್ವೀಜಿ ಎಂಬ ರೂಢಿ. ತೇರಾಪಂಥದ ಸಮಣಿಯರು ಬೇರೆ ಶ್ರೇಣಿ, ಅವರನ್ನು ಸಾಧ್ವಿ ಎಂದು ಬರೆಯಬಾರದು.

ಭಟ್ಟಾರಕರ ಹೆಸರಿನ ಜೊತೆ ಊರನ್ನು ಬಿಡಲೇಬೇಡಿ. ಚಾರುಕೀರ್ತಿ ಎಂಬುದು ಪಟ್ಟದ ಹೆಸರು, ಶ್ರವಣಬೆಳಗೊಳದಲ್ಲೂ ಉಂಟು, ಮೂಡುಬಿದಿರೆಯಲ್ಲೂ ಉಂಟು. ಲಕ್ಷ್ಮೀಸೇನ ಎಂಬ ಹೆಸರು ನರಸಿಂಹರಾಜಪುರಕ್ಕೂ ಕೊಲ್ಲಾಪುರಕ್ಕೂ ಇದೆ. ಶ್ರವಣಬೆಳಗೊಳದ ಹಿಂದಿನ ಸ್ವಾಮೀಜಿಯವರು 2023ರ ಮಾರ್ಚ್ 23ರಂದು ಅಗಲಿದರು, ಈಗಿನವರು ಅಭಿನವ ಚಾರುಕೀರ್ತಿ ಸ್ವಾಮೀಜಿ. 'ಚಾರುಕೀರ್ತಿ ಶ್ರೀಗಳ ಆಶೀರ್ವಚನ' ಎಂದಷ್ಟೇ ಬರೆದಿಟ್ಟರೆ ಹತ್ತು ವರ್ಷ ಬಿಟ್ಟು ಓದುವವರು ಯಾರೆಂದು ತಿಳಿಯಬೇಕು?

ಇನ್ನು ಗೃಹಸ್ಥರ ವಿಷಯ. ಕಿರಿಕಿರಿ ಹೆಚ್ಚು ಇರುವುದು ಇಲ್ಲೇ. ದಾನಚಿಂತಾಮಣಿ ಎನಿಸಿಕೊಂಡ ಅತ್ತಿಮಬ್ಬೆ 10ನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದವಳು. ಬಸದಿಗೆ ಎರಡು ಫ್ಯಾನ್ ಕೊಟ್ಟವರಿಗೂ ಅದೇ ಬಿರುದು ಹಾಕಿದರೆ ಹೇಗೆ? ನಾನೂ ವ್ಯಾಪಾರಿ. ಫ್ಯಾನ್ ಕೊಟ್ಟವರ ಹೆಸರು, ಕೊಟ್ಟದ್ದೇನು ಎಂದು ಬರೆಯಿರಿ, ಅವರಿಗೂ ಸಂತೋಷವೇ. ಪದ್ಮ ಪ್ರಶಸ್ತಿಗಳನ್ನೂ ಹೆಸರಿಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪ್ರಶಸ್ತಿ ಬಂದಿರುವ ಸಂಗತಿಯನ್ನು ವರದಿಯ ಒಳಗೆ ತಿಳಿಸಲು ಅಡ್ಡಿಯಿಲ್ಲ.

ಗಂಡಸರಿಗೆ ಮೂರು ಮೂರು ಬಿರುದು ಬರೆಯುವ ಅದೇ ವರದಿಯಲ್ಲಿ, ಚಾತುರ್ಮಾಸ ಪೂರ್ತಿ ನಸುಕಿನಲ್ಲೆದ್ದು ಆಹಾರದ ಅಡುಗೆ ಮಾಡಿದ ಶ್ರಾವಿಕೆಯರು 'ಮಹಿಳಾ ಮಂಡಲದವರು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ಇಲ್ಲದಿದ್ದರೆ 'ಇಂಥವರ ಧರ್ಮಪತ್ನಿ'. ಅವರಿಗೆ ಬಿರುದು ಬೇಡ. ಶ್ರೀಮತಿ ಎಂದು ಸೇರಿಸಿ ಅವರವರ ಹೆಸರನ್ನೇ ಬರೆದು ಕಳಿಸಿ, ಜಾಗ ಸಾಲದಿದ್ದರೆ ಅಧ್ಯಕ್ಷರ ಬಿರುದುಗಳಲ್ಲಿ ಎರಡನ್ನು ತೆಗೆಯಿರಿ.