ಸೊಂಟದ ಕೆಳಗಿನ ಪೆಟ್ಟು

ಇಂಗ್ಲಿಷಿನಲ್ಲಿ ‘ಹಿಟ್ಟಿಂಗ್ ಬಿಲೋ ದಿ ಬೆಲ್ಟ್’ ಎಂಬುದೊಂದು ನುಡಿಗಟ್ಟುಂಟು. ನಡುಪಟ್ಟಿಯ ಕೆಳಗೆ ಹೊಡೆಯುವುದೆಂದು ಇದರ ಶಬ್ದಾರ್ಥ. ವಾದದಲ್ಲಿ ಎದುರಾಳಿಯ ಮಾತನ್ನು ಖಂಡಿಸುವುದನ್ನು ಬಿಟ್ಟು ಅವನ ಬಡತನವನ್ನೋ ಮನೆಯ ದುಃಖವನ್ನೋ ಎತ್ತಿ ಆಡಿದರೆ ಈ ಮಾತು ಸಲ್ಲುತ್ತದೆ. ಪೆಟ್ಟು ಎಷ್ಟು ಬಲವಾಗಿತ್ತೆಂಬುದು ಇಲ್ಲಿ ಮುಖ್ಯವಲ್ಲ. ಬೀಳಬಾರದ ಎಡೆಯಲ್ಲಿ ಬಿದ್ದಿತೆಂಬುದೇ ಆಕ್ಷೇಪಣೆ.

ಇದರ ಹುಟ್ಟು ಮುಷ್ಟಿಯುದ್ಧದ ಕಣದಲ್ಲಿ. ಬರಿಗೈಯಿಂದಲೇ ಹೋರಾಡುತ್ತಿದ್ದ ಕಾಲದಲ್ಲಿ, 1743ರಲ್ಲಿ, ಲಂಡನ್ನಿನ ಜ್ಯಾಕ್ ಬ್ರೌಟನ್ ಎಂಬ ಜಟ್ಟಿಯು ತನ್ನ ಕಣಕ್ಕೆ ಕೆಲವು ನಿಯಮಗಳನ್ನು ವಿಧಿಸಿದನು. ಬಿದ್ದವನನ್ನು ಹೊಡೆಯಕೂಡದು, ಸೊಂಟದಿಂದ ಕೆಳಗೆ ಹಿಡಿಯಕೂಡದು ಎಂಬುವು ಅವುಗಳಲ್ಲಿ ಸೇರಿದ್ದುವು. 1838ರ ನಿಯಮಾವಳಿಯು ನಡುಪಟ್ಟಿಯ ಕೆಳಗಣ ಹೊಡೆತವನ್ನು ಅನ್ಯಾಯವೆಂದು ಸಾರಿತು. ಅಲ್ಲಿಂದ ಮುಂದೆ ಈ ಮಾತು ಕಣವನ್ನು ದಾಟಿ ಲೋಕವ್ಯವಹಾರಕ್ಕೆ ಇಳಿಯಿತು.

ಕನ್ನಡಿಗರಿಗೆ ಈ ಭಾವ ಹೊಸದೇನೂ ಅಲ್ಲ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬುದು ಧರ್ಮ. ಭೀಮನು ದುರ್ಯೋಧನನ ತೊಡೆಗಳನ್ನು ಮುರಿದಾಗ ಬಲರಾಮನು ಕನಲಿದುದು ಇದಕ್ಕಾಗಿಯೇ. ದ್ರೌಪದಿಗಾದ ಅವಮಾನವನ್ನು ನೆನೆದು ನಾವು ಭೀಮನ ಪಕ್ಷವನ್ನು ವಹಿಸುತ್ತೇವೆ. ಆದರೂ ನಿಯಮವು ಮುರಿಯಿತೆಂಬುದನ್ನು ಅಲ್ಲಗಳೆಯಲಾರೆವು.

ಕಣದ ಹೊರಗೂ ಇಂಥ ಗೆರೆಯೊಂದುಂಟೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ ನಿದರ್ಶನವಿದೆ. ಜಾನ್ ಟೇಲರ್ ಕಂಪೆನಿಯ ಆಡಳಿತದ ಕಾಲದಲ್ಲಿ, ತಮಿಳು ತೆಲುಗು ಸೀಮೆಗಳಿಂದ ಬಂಗಾರಪೇಟೆಯ ಮಾರ್ಗವಾಗಿ ಬಂದ ಸಹಸ್ರಾರು ಕೂಲಿಗಾರರು ಭೂಮಿಯ ಆಳದಲ್ಲಿ ದುಡಿಯುತ್ತಿದ್ದರು. ಅಲ್ಲಿನ ಸೆಕೆಯನ್ನೂ ಬಂಡೆಗಳು ಸಿಡಿಯುವ ಭಯವನ್ನೂ ಸಹಿಸಿಕೊಂಡಿದ್ದರು. ಆದರೆ ಕೆಲಸಗಾರರೆಲ್ಲರೂ ಬೆರಳಚ್ಚು ಕೊಡತಕ್ಕದ್ದೆಂಬ ಕಟ್ಟಳೆ ಬಂದಾಗ, 1930ರಲ್ಲಿ, ಅವರು ಮುಷ್ಕರ ಹೂಡಿದರು. ಕೂಲಿ ಸಾಲದೆಂಬುದು ಹೊಟ್ಟೆಗೆ ಬಿದ್ದ ಪೆಟ್ಟು. ಪೊಲೀಸರು ಅಪರಾಧಿಗಳಿಂದ ಪಡೆಯುವಂಥ ಗುರುತನ್ನು ದುಡಿದು ಉಣ್ಣುವವನಿಂದ ಕೇಳುವುದು ಮಾನಕ್ಕೆ ಬಿದ್ದ ಪೆಟ್ಟು. ಇದೇ ನಡುಪಟ್ಟಿಯ ಕೆಳಗಿನದು.

ಇಲ್ಲಿ ಶ್ರೋತೃಗಳು ಒಂದು ಭೇದವನ್ನು ಗಮನಿಸಬೇಕು. ಮುಷ್ಟಿಯುದ್ಧದಲ್ಲಿ ಗೆರೆಯನ್ನು ಮೊದಲೇ ಎಳೆದಿರುತ್ತದೆ. ತಪ್ಪನ್ನು ಹಿಡಿಯಲು ಮಧ್ಯಸ್ಥನಿರುತ್ತಾನೆ. ಗಣಿಯಲ್ಲಿ ನಿಯಮವನ್ನು ಮಾಡಿದವನೂ ಪೆಟ್ಟು ಕೊಟ್ಟವನೂ ಒಂದೇ ಪಕ್ಷದವರು. ಅಂಥ ಕಡೆ ಗೆರೆ ಎಲ್ಲಿದೆಯೆಂಬುದನ್ನು ಪೆಟ್ಟು ತಿಂದವನೇ ತೋರಿಸಬೇಕಾಗುತ್ತದೆ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ಬಲವುಳ್ಳವನು ತನಗೆ ತಾನೇ ಗೆರೆ ಎಳೆದುಕೊಳ್ಳುವನೇ ಎಂಬ ಪ್ರಶ್ನೆ ಮಾತ್ರ ಪ್ರತಿಯೊಂದು ಕಚೇರಿಯಲ್ಲಿಯೂ ಪ್ರತಿಯೊಂದು ಮನೆಯಲ್ಲಿಯೂ ಉಳಿದಿದೆ.